"ಎಲ್ಲರೂ ಒಪ್ಪಿದರು" ಎಂದು ಬರೆದುಕೊಂಡ ಸಭೆ

ಸ್ಟ್ರೋಕ್ ಆಗಿ ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನ ಹಳೇ ಫಿಸಿಯೋ ಮೇಡಂ ಫೋನ್ ಮಾಡಿದರು. ಸ್ಟ್ರೋಕ್ ಆದವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಹೇಗಿರುತ್ತಾರೆ ಅಂತ ಒಂದು ಸಂಶೋಧನೆ ಶುರುವಾಗುತ್ತಿದೆ, ನೀವು ಬರ್ತೀರಾ ಅಂತ ಕೇಳಿದರು. ಮತ್ತೆ ರಕ್ತ ತೆಗೆಯುತ್ತಾರೆ, ಮತ್ತೆ ಆ ಸ್ಕ್ಯಾನಿಂಗ್ ಮೆಷಿನ್ನಿನೊಳಗೆ ಮಲಗಿಸುತ್ತಾರೆ ಅಂದುಕೊಂಡು ಬೇಡ ಅಂದೆ.

"ಅಯ್ಯೋ, ಪೇಷೆಂಟ್ ಆಗಿ ಅಲ್ಲ. ಏನನ್ನ ಹುಡುಕಬೇಕು, ಹೇಗೆ ಹುಡುಕಬೇಕು ಅಂತ ಪ್ಲಾನ್ ಮಾಡೋಕೆ" ಅಂದರು.

ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಇಪ್ಪತ್ತು ವರ್ಷ ಪ್ರೂಫ್ ತಿದ್ದಿದವಳು. ಸ್ಟ್ರೋಕ್ ಆಗಿದ್ದು ಮಿದುಳಿನ ಬಲಭಾಗದಲ್ಲಿ. ಎಡಗೈ, ಎಡಗಾಲು ಮೊದಮೊದಲು ಕೇಳಲಿಲ್ಲ, ಆಮೇಲೆ ಹೆಚ್ಚುಕಡಿಮೆ ಸರಿಹೋದವು. ಸರಿಹೋಗದೆ ಉಳಿದಿದ್ದು ಒಂದೇ. ನನಗೆ ಎಡಗಡೆ ಅನ್ನುವುದು ಆಗಾಗ ಇಲ್ಲವಾಗುತ್ತದೆ. ಕಣ್ಣಿನ ದೋಷ ಅಲ್ಲ, ಮಿದುಳು ಆ ಕಡೆ ಗಮನವನ್ನೇ ಕೊಡುವುದಿಲ್ಲ. ಸಾಲು ಓದುವಾಗ ಮೊದಲ ಒಂದೆರಡು ಪದ ತಪ್ಪಿಹೋಗುತ್ತವೆ, ನಾನು ಮಧ್ಯದಿಂದ ಓದಲು ಶುರುಮಾಡುತ್ತೇನೆ. ತಪ್ಪಿಹೋಗಿದ್ದು ನನಗೆ ಗೊತ್ತೂ ಆಗುವುದಿಲ್ಲ. ಪ್ರೂಫ್ ತಿದ್ದುವವಳಿಗೆ ಇದಕ್ಕಿಂತ ಬೇರೆ ಏನು ಬೇಕು ಹೇಳಿ.

ಕೆಲಸವಂತೂ ಹೋಗಿತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಹೋಗಿ ನೋಡೋಣ ಅಂತ ಹೊರಟೆ.

ಮೊದಲ ಸಭೆಯಲ್ಲಿ ನಾವು ಆರು ಜನ. ನಾಲ್ವರು ಸ್ಟ್ರೋಕ್ ಆದವರು, ಇಬ್ಬರು ಮನೆಯಲ್ಲಿ ನೋಡಿಕೊಳ್ಳುವವರು. ಲಾರಿ ಓಡಿಸುತ್ತಿದ್ದ ಹುಡುಗ ಒಬ್ಬ, ವಯಸ್ಸು ಮೂವತ್ತನಾಲ್ಕು. ನೋಡಿದರೆ ಏನೂ ಆಗಿಲ್ಲ ಅನ್ನಬೇಕು, ಹಾಗಿದ್ದ. ರಿಟೈರ್ ಆದ ಮೇಷ್ಟ್ರು ಒಬ್ಬರು, ಕೈಯಲ್ಲಿ ಕೋಲು. ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಮಗಳು. ಇನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಒಬ್ಬ ಅಕ್ಕ, ಜೊತೆಗೆ ಅವರ ಯಜಮಾನರು. ಅಕ್ಕನಿಗೆ ಅಫೇಸಿಯಾ. ಮಿದುಳಿನ ಎಡಭಾಗದಲ್ಲಿ ಮಾತಿಗೆ ಸಂಬಂಧಪಟ್ಟ ಜಾಗಕ್ಕೆ ಏಟು ಬಿದ್ದರೆ ಆಗುವ ತೊಂದರೆ ಇದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಬರುತ್ತದೆ. ಬುದ್ಧಿ ಸರಿಯಾಗೇ ಇರುತ್ತದೆ, ಪದ ಕೈಗೆ ಸಿಗುವುದಿಲ್ಲ. ಅಕ್ಕನ ಬಾಯಲ್ಲಿ ಸಲೀಸಾಗಿ ಬರುತ್ತಿದ್ದಿದ್ದು "ಹೌದು ಹೌದು" ಅನ್ನುವುದೊಂದೇ.

ಎದುರುಗಡೆ ಸಂಶೋಧಕರು ಐದು ಜನ. ಒಬ್ಬರು ಲ್ಯಾಪ್‌ಟಾಪ್ ತೆರೆದು ಸ್ಲೈಡ್ ತೋರಿಸಲು ಶುರುಮಾಡಿದರು. ನಲವತ್ತು ನಿಮಿಷ ಸ್ಲೈಡೇ ಸ್ಲೈಡು. ನನಗೆ ಪ್ರತಿ ಸ್ಲೈಡಿನ ಬಲಭಾಗ ಮಾತ್ರ ಬಂತು. ಲಾರಿ ಹುಡುಗ ಇಪ್ಪತ್ತನೇ ನಿಮಿಷಕ್ಕೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಆಸಕ್ತಿ ಇಲ್ಲ ಅಂತ ಅವರು ಅಂದುಕೊಂಡಿರಬೇಕು. ನಮಗೆ ಗೊತ್ತಿತ್ತು ಅದೇನು ಅಂತ.

ಕೊನೆಗೆ ಮುಖ್ಯ ಸಂಶೋಧಕರು ಕೇಳಿದರು. ಆರು ತಿಂಗಳಾದ ಮೇಲೆ ಎಲ್ಲರಿಗೂ ಫೋನ್ ಮಾಡಿ ಐವತ್ತು ನಿಮಿಷ ಪ್ರಶ್ನೆ ಕೇಳುತ್ತೇವೆ, ಸರಿಯಲ್ವಾ? ಮೇಷ್ಟ್ರು ತಲೆಯಾಡಿಸಿದರು. ನಾನು ಸುಮ್ನೆ ಕೂತಿದ್ದೆ. ಅಕ್ಕ "ಹೌದು ಹೌದು" ಅಂದರು. ಆದರೆ ಹಾಗೆ ಅನ್ನುವಾಗ ಅವರ ಹುಬ್ಬು ಗಂಟಾಗಿತ್ತು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಎಡಗೈ ಮಾತ್ರ ಗಾಳಿಯಲ್ಲಿ ಏನನ್ನೋ ಒರೆಸಿಹಾಕುವ ಹಾಗೆ ಆಡುತ್ತಿತ್ತು.

ವಾರದ ನಂತರ ಸಭೆಯ ವರದಿ ಬಂತು. ಅದರಲ್ಲಿ ಬರೆದಿತ್ತು: "ಫೋನ್ ಸಂದರ್ಶನಕ್ಕೆ ಎಲ್ಲರೂ ಒಪ್ಪಿದರು."

ನಾನು ಆ ಸಾಲನ್ನು ಮೂರು ಸಲ ಓದಿದೆ. ಎಡಗಡೆ ಏನಾದರೂ ಬಿಟ್ಟೆನಾ ಅಂತ ಬೆರಳಿಟ್ಟು ನೋಡಿದೆ. ಬಿಟ್ಟಿರಲಿಲ್ಲ. ಆಮೇಲೆ ಫಿಸಿಯೋ ಮೇಡಂಗೆ ಫೋನ್ ಮಾಡಿ, ನಮ್ಮನ್ನು ಫೋಟೋಕ್ಕೆ ಕರೆದಿದ್ದಾ ಅಂತ ಕೇಳಿಬಿಟ್ಟೆ. ಸ್ವಲ್ಪ ಜೋರಾಗೇ ಕೇಳಿದೆ. ಸ್ಟ್ರೋಕ್ ಆದ ಮೇಲೆ ನನಗೆ ಸಿಟ್ಟು ಜಾಸ್ತಿ.

ಮುಖ್ಯ ಸಂಶೋಧಕರು ಒಳ್ಳೆಯವರು. ಮರುದಿನವೇ ಫೋನ್ ಮಾಡಿ, ಏನು ತಪ್ಪಾಯ್ತು ಹೇಳಿ ಅಂದರು. ಹೇಳಿದೆ. ಎರಡನೇ ಸಭೆಗೆ ಬೇರೆ ಆಸ್ಪತ್ರೆಯಿಂದ ಒಬ್ಬ ಸ್ಪೀಚ್ ಥೆರಪಿಸ್ಟ್‌ನ ಕರೆಸಿದರು. ಆ ಹುಡುಗಿ ಮಾಡಿದ್ದು ಬಹಳ ಸಣ್ಣ ಕೆಲಸ. ಮೂರು ಕಾರ್ಡು ತಂದಳು. ಹಸಿರಲ್ಲಿ "ಬೇಕು", ಕೆಂಪಲ್ಲಿ "ಬೇಡ", ಹಳದಿಯಲ್ಲಿ "ಇನ್ನೊಂದ್ಸಲ ಹೇಳಿ". ಅಕ್ಕನಿಗೆ ಮಾತ್ರ ಅಲ್ಲ, ಸಂಶೋಧಕರೂ ಸೇರಿ ಎಲ್ಲರಿಗೂ ಒಂದೊಂದು ಸೆಟ್ ಕೊಟ್ಟಳು. ಅಫೇಸಿಯಾ ಇರುವವರಲ್ಲಿ ಕೆಲವರಿಗೆ ಹೌದು, ಇಲ್ಲ ಎರಡೂ ಅದಲುಬದಲಾಗುತ್ತವೆ, ಬಾಯಿ ಹೇಳಿದ್ದನ್ನು ನಂಬಬೇಡಿ, ಕೈ ತೋರಿಸಿದ್ದನ್ನು ನೋಡಿ ಅಂದಳು. ಒಂದು ಸಲಕ್ಕೆ ಒಂದೇ ವಿಷಯ. ಮುಖ್ಯ ಪದವನ್ನು ದಪ್ಪ ಅಕ್ಷರದಲ್ಲಿ ಹಾಳೆಯ ಮೇಲೆ ಬರೆಯಿರಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಕಾಯುವುದೇ ಕಷ್ಟ, ಅದನ್ನು ನಾನೂ ಕಲಿಯಬೇಕಾಯಿತು.

ಕಾರ್ಡು ಕೈಗೆ ಬಂದ ಮೇಲೆ ಮೊದಲ ಪ್ರಶ್ನೆ ಹಳೆಯದೇ. ಫೋನಿನಲ್ಲಿ ಸಂದರ್ಶನ? ಅಕ್ಕ ಕೆಂಪು ಕಾರ್ಡು ಎತ್ತಿದರು. ಕೆಳಗಿಳಿಸಲೇ ಇಲ್ಲ.

ಸಂಶೋಧಕರು ನನ್ನ ಒಂದು ಕೋರಿಕೆಯನ್ನೂ ಪೂರೈಸಿದರು. ನನಗೆ ಕೊಡುವ ಪ್ರತಿ ಹಾಳೆಯ ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ದಪ್ಪ ಕೆಂಪು ಗೆರೆ. ಆ ಗೆರೆ ಕಣ್ಣಿಗೆ ಸಿಗುವವರೆಗೆ ಎಡಕ್ಕೆ ಹೋಗುವುದು, ಸಿಕ್ಕ ಮೇಲೆ ಓದಲು ಶುರುಮಾಡುವುದು. ಆಸ್ಪತ್ರೆಯಲ್ಲಿ ಕಲಿಸಿದ್ದ ಉಪಾಯ. ಹಾಗೇ ಸಭೆ ಬೆಳಿಗ್ಗೆ ಹತ್ತೂವರೆಗೆ, ಒಟ್ಟು ಒಂದೂವರೆ ಗಂಟೆ, ನಡುವೆ ಕಾಲು ಗಂಟೆ ಬಿಡುವು, ಪಕ್ಕದ ಕೋಣೆಯಲ್ಲಿ ಮಲಗಲು ಒಂದು ಮಂಚ. ಮಂಚ ಕೇಳಿದವನು ಲಾರಿ ಹುಡುಗ. ಓಡಾಟದ ಖರ್ಚು, ಬಂದ ದಿನದ ಗೌರವಧನ ಎರಡನ್ನೂ ಅವತ್ತೇ ಕೈಗೆ ಕೊಡಲು ಶುರುಮಾಡಿದರು. ಮೊದಲು ಅರ್ಜಿ ತುಂಬಿ ಕಾಯಬೇಕಿತ್ತು. ಅದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಸಂಬಳ ಬರುತ್ತಿದ್ದವರು ಯಾರೂ ಇರಲಿಲ್ಲ.

ಮೂರನೇ ಸಭೆ ಮರೆಯುವ ಹಾಗಿಲ್ಲ. ಅವತ್ತು ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಅನ್ನುವ ಪಟ್ಟಿ. ಹೊರಗಿಡುವವರ ಪಟ್ಟಿಯಲ್ಲಿ ನಾಲ್ಕು ಸಾಲು. ಅವತ್ತು ಅವಸರದಲ್ಲಿ ಪ್ರಿಂಟ್ ತೆಗೆದಿದ್ದರಿಂದ ನನ್ನ ಹಾಳೆಗೆ ಕೆಂಪು ಗೆರೆ ಇರಲಿಲ್ಲ. ಮೂರನೇ ಸಾಲಲ್ಲಿ ನನಗೆ ಕಂಡಿದ್ದು ಇಷ್ಟೇ: "ತೊಂದರೆ ಇರುವವರು."

"ತೊಂದರೆ ಇರುವವರನ್ನೆಲ್ಲ ಬಿಟ್ಟರೆ ಇನ್ಯಾರನ್ನ ಕೇಳ್ತೀರಿ ಸರ್?" ಅಂದೆ. ಎಲ್ಲರೂ ನಕ್ಕರು. ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಆ ಮಗಳು ನನ್ನ ಹಾಳೆ ತೆಗೆದುಕೊಂಡು ಪೂರ್ತಿ ಓದಿದಳು: "ಮಾತು ಅಥವಾ ಭಾಷೆಯ ತೊಂದರೆ ಇರುವವರು."

ನಗು ನಿಂತಿತು. ಎಲ್ಲರಿಗೂ ಅಕ್ಕನ ಕಡೆ ನೋಡಬೇಕು ಅನಿಸಿತ್ತು, ಯಾರೂ ನೋಡಲಿಲ್ಲ.

ಅಕ್ಕ ಕಾರ್ಡು ಎತ್ತಲಿಲ್ಲ. ಎಡಗೈ ಚಾಚಿ ಮೇಜಿನ ಮೇಲಿದ್ದ ಮಾರ್ಕರ್ ತೆಗೆದುಕೊಂಡರು. ಮುಚ್ಚಳ ಒಂದೇ ಕೈಲಿ ಬರಲಿಲ್ಲ, ಹಲ್ಲಲ್ಲಿ ಕಚ್ಚಿ ತೆಗೆದರು. ಹಾಳೆಯ ಮೇಲೆ ಒಂದು ಸಾಲು ಹೊಡೆದುಹಾಕಿದರು. ಅದು ಎರಡನೇ ಸಾಲಾಗಿತ್ತು, ಹದಿನೆಂಟು ವರ್ಷ ತುಂಬದವರು ಅನ್ನುವುದು. ಯಜಮಾನರು "ಅದಲ್ಲ ಕಣೇ" ಅಂತ ಕೈ ಹಿಡಿಯಲು ಹೋದರು. ಥೆರಪಿಸ್ಟ್ ಅವರನ್ನು ತಡೆದಳು. ಅಕ್ಕ ನೋಡಿದರು, ತಪ್ಪಾಗಿದ್ದು ಗೊತ್ತಾಯಿತು, "ಹೌದು ಹೌದು" ಅಂತ ಸಿಟ್ಟಲ್ಲಿ ತಲೆ ಅಲ್ಲಾಡಿಸಿದರು. ಮತ್ತೆ ಮಾರ್ಕರ್ ಊರಿ ಮೂರನೇ ಸಾಲನ್ನು ಹೊಡೆದರು. ಒಂದು ಸಲ ಅಲ್ಲ, ಅಕ್ಷರ ಕಾಣದ ಹಾಗೆ ಮೇಲಿಂದ ಮೇಲೆ. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬಹುದು. ಯಾರೂ ಮಧ್ಯೆ ಮಾತಾಡಲಿಲ್ಲ.

ಸಂಶೋಧಕರ ಕಡೆಯವರು ಕೆಟ್ಟವರಾಗಿ ಆ ಸಾಲು ಬರೆದಿರಲಿಲ್ಲ. ಮಾತಾಡಲಾಗದವರಿಂದ ಒಪ್ಪಿಗೆ ಪಡೆಯುವುದು ಕಷ್ಟ, ಪ್ರಶ್ನೆ ಕೇಳುವುದು ಕಷ್ಟ, ಸಮಯ ಜಾಸ್ತಿ, ಹಣ ಜಾಸ್ತಿ. ಹಿಂದಿನ ಅಧ್ಯಯನದ ಕಡತದಿಂದ ಹಾಗೇ ಎತ್ತಿ ಹಾಕಿದ ಸಾಲು ಅಂತ ಅವರೇ ಒಪ್ಪಿಕೊಂಡರು. ಆದರೆ ಅಫೇಸಿಯಾ ಇರುವವರನ್ನು ಬಿಟ್ಟು, ಸ್ಟ್ರೋಕ್ ನಂತರದ ಬದುಕು ಹೀಗಿದೆ ಅಂತ ವರದಿ ಬರೆದರೆ ಮೂರರಲ್ಲಿ ಒಂದು ಪಾಲು ಬದುಕು ಅದರಲ್ಲಿ ಇರುವುದೇ ಇಲ್ಲ. ಅದೂ ಕಷ್ಟ ಜಾಸ್ತಿ ಇರುವ ಪಾಲು.

ಆ ಸಾಲು ಹೋಯಿತು. ಅದರ ಬದಲು ಒಪ್ಪಿಗೆ ಪತ್ರಕ್ಕೆ ಇನ್ನೊಂದು ರೂಪ ಬೇಕಾಯಿತು. ಇಲ್ಲಿ ನನ್ನ ಹಳೇ ಕಸುಬು ಉಪಯೋಗಕ್ಕೆ ಬಂತು. ಏಳು ಪುಟದ ಪತ್ರ. ಒಂದು ವಾಕ್ಯ ಆರು ಸಾಲು ಉದ್ದ ಇತ್ತು, ಕೊನೆಗೆ ಬರುವಷ್ಟರಲ್ಲಿ ಕರ್ತೃಪದ ಯಾವುದು ಅಂತ ಸ್ಟ್ರೋಕ್ ಆಗದವರಿಗೂ ಮರೆತುಹೋಗಬೇಕು. ನಾನೂ ಮೇಷ್ಟ್ರೂ ಕೂತು ಕತ್ತರಿಸಿದೆವು. ಅವರು ಎಡಭಾಗ ಓದುವುದು, ನಾನು ತಿದ್ದುವುದು. ಒಂದು ಪುಟಕ್ಕೆ ಒಂದೇ ವಿಷಯ, ಪಕ್ಕದಲ್ಲಿ ಚಿತ್ರ, ಕೆಳಗೆ ಬೇಕು, ಬೇಡ. ಪುಟ ಹನ್ನೊಂದಾಯಿತು, ಓದುವ ಹೊತ್ತು ಅರ್ಧವಾಯಿತು. ಎರಡು ವರ್ಷದ ನಂತರ ಅವತ್ತೇ ನಾನು ಮೊದಲು ಪ್ರೂಫ್ ತಿದ್ದಿದ್ದು.

ದೊಡ್ಡ ಜಗಳ ನಡೆದಿದ್ದು ಏನನ್ನು ಅಳೆಯಬೇಕು ಅನ್ನುವುದರ ಬಗ್ಗೆ. ಅವರ ಯೋಜನೆಯಲ್ಲಿ ಮುಖ್ಯ ಅಳತೆ ಬಾರ್ತೆಲ್ ಸೂಚ್ಯಂಕ. 1965ರಲ್ಲಿ ಬಂದಿದ್ದು, ಇವತ್ತಿಗೂ ಆಸ್ಪತ್ರೆಗಳಲ್ಲಿ ಚಾಲ್ತಿಯಲ್ಲಿದೆ. ಹತ್ತು ವಿಷಯ ಕೇಳುತ್ತದೆ. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥವು. ನೂರಕ್ಕೆ ನೂರು ಬಂದರೆ ದಿನದ ಕೆಲಸಗಳಲ್ಲಿ ಸ್ವತಂತ್ರ ಅಂತ.

ನನಗೆ ಎಷ್ಟು ಬರುತ್ತೆ ಅಂತ ಅಲ್ಲೇ ಹಾಕಿ ನೋಡಿದರು. ನೂರು. ಲಾರಿ ಹುಡುಗನಿಗೂ ನೂರು.

"ಹಾಗಾದ್ರೆ ನಾನು ಹುಷಾರಾಗಿದೀನಿ ಅಂತ ಬರ್ಕೊಡಿ ಸರ್, ಓನರ್‌ಗೆ ತೋರಿಸ್ತೀನಿ" ಅಂದ ಅವನು. ಆಮೇಲೆ ಹೇಳಿದ. ಬೆಳಿಗ್ಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಂಡರೆ ಅವತ್ತಿನ ಚಾರ್ಜು ಮುಗಿಯಿತು. ಮತ್ತೆ ಮಲಗಬೇಕು. ನಿದ್ದೆ ಮಾಡಿದರೂ ಹೋಗದ ಸುಸ್ತು. ಮನೆಯವರಿಗೆ ಸೋಮಾರಿತನ ಅನಿಸುತ್ತದೆ. "ಕೈ ಕಾಲು ನೆಟ್ಟಗಿದೆಯಲ್ಲ, ಇನ್ನೇನು ಅಂತಾರೆ. ಒಂದು ಕಾಲಾದ್ರೂ ಕುಂಟಿದ್ರೆ ನಂಬ್ತಿದ್ರು" ಅಂದ. ಸ್ಟ್ರೋಕ್ ಆದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಈ ಸುಸ್ತು ಇರುತ್ತದೆ ಅಂತ ಸಂಶೋಧಕರಿಗೂ ಗೊತ್ತಿತ್ತು. ಅವರ ಪ್ರಶ್ನಾವಳಿಗೆ ಮಾತ್ರ ಗೊತ್ತಿರಲಿಲ್ಲ.

ತಂಡದಲ್ಲಿದ್ದ ಒಬ್ಬ ಕಿರಿಯ ಸಂಶೋಧಕಿ ನಮ್ಮ ಪರ ನಿಂತಳು. ಒಂದು ಪಟ್ಟಿಯ ಬಗ್ಗೆ ಹೇಳಿದಳು. ಸ್ಕಾಟ್ಲೆಂಡಿನಲ್ಲಿ ಸ್ಟ್ರೋಕ್ ಆದವರು, ಮನೆಯವರು, ಚಿಕಿತ್ಸೆ ಕೊಡುವವರು ಒಟ್ಟಿಗೆ ಕೂತು, ಸ್ಟ್ರೋಕ್ ನಂತರದ ಬದುಕಿನ ಬಗ್ಗೆ ಮೊದಲು ಸಂಶೋಧನೆ ಆಗಬೇಕಾದ ಹತ್ತು ಪ್ರಶ್ನೆಗಳನ್ನು ಆರಿಸಿದ್ದರು. ಆ ಪಟ್ಟಿ 2012ರಲ್ಲಿ ಪ್ರಕಟವಾಯಿತು. ಮೊದಲ ಸ್ಥಾನದಲ್ಲಿದ್ದಿದ್ದು ನಡಿಗೆ ಅಲ್ಲ, ನೆನಪು, ಗಮನ, ಯೋಚನೆ ಇವುಗಳನ್ನು ಸುಧಾರಿಸುವುದು ಹೇಗೆ ಅನ್ನುವುದು. ಅಫೇಸಿಯಾ ಅದರಲ್ಲಿತ್ತು. ಧೈರ್ಯ ಮರಳಿ ಬರುವುದು ಇತ್ತು. ಸುಸ್ತು ಇತ್ತು. ಆ ಕೆಲಸ ನಡೆದಿದ್ದು ಜೇಮ್ಸ್ ಲಿಂಡ್ ಅಲಯನ್ಸ್ ಅನ್ನುವ ಬ್ರಿಟನ್ನಿನ ಸಂಸ್ಥೆಯ ಪದ್ಧತಿಯಲ್ಲಿ. ಸಂಸ್ಥೆ ಶುರುವಾಗಿದ್ದು 2004ರಲ್ಲಿ. ಜೇಮ್ಸ್ ಲಿಂಡ್ ಅಂದರೆ 1747ರಲ್ಲಿ ಹಡಗಿನ ಮೇಲೆ ಹನ್ನೆರಡು ನಾವಿಕರ ಮೇಲೆ ಪ್ರಯೋಗ ಮಾಡಿ, ಕಿತ್ತಳೆ ನಿಂಬೆಯಿಂದ ಸ್ಕರ್ವಿ ಅನ್ನುವ ಕಾಯಿಲೆ ವಾಸಿಯಾಗುತ್ತದೆ ಅಂತ ತೋರಿಸಿದ ವೈದ್ಯ. ಆ ಹನ್ನೆರಡು ಜನರನ್ನು ಯಾರೂ ಏನೂ ಕೇಳಿರಲಿಕ್ಕಿಲ್ಲ ಅಂದರು ಮೇಷ್ಟ್ರು.

ಅದೇ ಕಿರಿಯ ಸಂಶೋಧಕಿ ಇನ್ನೊಂದು ದಿನ ಒಂದು ಏಣಿಯ ಚಿತ್ರ ತೋರಿಸಿದಳು. ತೀರ್ಮಾನಗಳಲ್ಲಿ ಜನರಿಗೆ ಎಷ್ಟು ಪಾಲು ಸಿಗುತ್ತದೆ ಅಂತ ಹೇಳುವ ಏಣಿ. ಶೆರಿ ಆರ್ನ್‌ಸ್ಟೀನ್ ಅನ್ನುವವರು 1969ರಲ್ಲಿ ಬರೆದಿದ್ದು, ಎಂಟು ಮೆಟ್ಟಿಲು. ತಳದಲ್ಲಿ ಜನರನ್ನು ಸುಮ್ನೆ ಕರೆದು ಕೂರಿಸುವುದು, ತುದಿಯಲ್ಲಿ ಜನರ ಕೈಗೇ ಅಧಿಕಾರ ಕೊಡುವುದು. ನಾವೀಗ ಯಾವ ಮೆಟ್ಟಿಲಲ್ಲಿದ್ದೇವೆ ಅಂತ ಕೇಳಿದಳು. ಮೇಷ್ಟ್ರು ಕೋಲು ಎತ್ತಿ ತೋರಿಸಿ, "ಲಿಫ್ಟ್ ಇಲ್ವೇನಮ್ಮ?" ಅಂದರು.

ಅಳತೆಯ ಜಗಳಕ್ಕೆ ಬರುತ್ತೇನೆ. ಬಾರ್ತೆಲ್ ಬದಲು ಸ್ಟ್ರೋಕ್ ಇಂಪ್ಯಾಕ್ಟ್ ಸ್ಕೇಲ್ ಅನ್ನುವುದನ್ನು ತಂದರು. ಅದು ಕೈಯ ಶಕ್ತಿ, ನಡಿಗೆ ಜೊತೆಗೆ ಮಾತು, ಮನಸ್ಸು, ನೆನಪು, ಜನರ ಜೊತೆ ಬೆರೆಯುವುದು ಎಲ್ಲ ಕೇಳುತ್ತದೆ. ಖುಷಿಯಾಯಿತು. ಆದರೆ ಪ್ರಶ್ನೆ 59. ಹದಿನಾರು ಪ್ರಶ್ನೆಯ ಚಿಕ್ಕದೂ ಒಂದಿದೆ, ಅದರಲ್ಲಿ ಉಳಿಸಿಕೊಂಡಿರುವುದು ಮೈಗೆ ಸಂಬಂಧಪಟ್ಟಿದ್ದು ಮಾತ್ರ. ಬಂದ ದಾರಿಗೆ ಸುಂಕ ಇಲ್ಲ ಅನ್ನುವ ಹಾಗಾಯಿತು. ಮೇಲಾಗಿ ಉದ್ದದ್ದರಲ್ಲೂ ಸುಸ್ತಿಗೆ ಅಂತ ಬೇರೆ ವಿಭಾಗ ಇಲ್ಲ. ಲಾರಿ ಹುಡುಗ ಬಿಡಲಿಲ್ಲ. ಸುಸ್ತಿನ ಬಗ್ಗೆಯೇ ಇರುವ ಒಂಬತ್ತು ಪ್ರಶ್ನೆಯ ಇನ್ನೊಂದು ಅಳತೆಯನ್ನು ಸೇರಿಸುವ ಹಾಗೆ ಮಾಡಿದ. ಒಟ್ಟು ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಸುಸ್ತಿನ ಬಗ್ಗೆ ಕೇಳಲು ಹೋಗಿ ಜನರನ್ನು ಸುಸ್ತು ಮಾಡುವ ಕೆಲಸ.

ಪ್ರಯೋಗಕ್ಕೆ ನಾವೇ ತುಂಬಿ ನೋಡಿದೆವು. ನಾನು ಗಡಿಯಾರ ಇಟ್ಟುಕೊಂಡೆ. ಮೂವತ್ತನೇ ಪ್ರಶ್ನೆ ಹೊತ್ತಿಗೆ ಓದದೆ ಟಿಕ್ ಮಾಡುತ್ತಿದ್ದೆ. ಎರಡು ದಿನಕ್ಕೆ ಹಂಚಿ, ಮನೆಗೆ ಹೋಗಿ ಎದುರು ಕೂತು ಕೇಳುವುದು, ಬೇಕಾದವರಿಗೆ ಮಾತ್ರ ಫೋನ್ ಅಂತ ತೀರ್ಮಾನವಾಯಿತು.

ಆ ಪ್ರಯೋಗದಲ್ಲೇ ಒಂದು ತಮಾಷೆ ಆಯಿತು. ಅವರೇ ಸೇರಿಸಿದ್ದ ಒಂದು ಹಾಳೆಯಲ್ಲಿ ಅಡ್ಡ ಗೆರೆಗಳಿದ್ದವು. ಎಡ ತುದಿ ಅಂದರೆ ಬಹಳ ಬೇಸರ, ಬಲ ತುದಿ ಅಂದರೆ ಬಹಳ ಖುಷಿ. ನಿಮಗೆ ಎಲ್ಲಿ ಅನಿಸುತ್ತದೋ ಅಲ್ಲಿ ಗುರುತು ಹಾಕಿ. ನಾನು ಹಾಕಿದ ಗುರುತೆಲ್ಲ ಬಲಗಡೆ. ಅಂಕಿಅಂಶ ನೋಡುವವರು, ಮೇಡಂ ನೀವು ನಮ್ಮ ಗುಂಪಲ್ಲೇ ಅತಿ ಸಂತೋಷವಾಗಿರೋರು ಅಂದರು. ನಾನಾ? ಆ ವಾರ ಮೂರು ದಿನ ಅತ್ತಿದ್ದೆ. ಹಾಳೆ ಮತ್ತೆ ಇಸಿದುಕೊಂಡು ಬೆರಳಿಟ್ಟು ಎಡಕ್ಕೆ ಹೋದಾಗ ಗೊತ್ತಾಯಿತು, ಅರ್ಧ ಗೆರೆಯನ್ನು ನಾನು ನೋಡೇ ಇರಲಿಲ್ಲ. ನನ್ನ ಮಟ್ಟಿಗೆ ಗೆರೆ ಶುರುವಾಗಿದ್ದೇ ನಡುವಿನಿಂದ. ಅಂಕಿಅಂಶದವರು ನಗಲಿಲ್ಲ, ಪೆನ್ನು ಕೆಳಗಿಟ್ಟರು. ಈಗ ಆ ಗೆರೆಗಳೆಲ್ಲ ಥರ್ಮಾಮೀಟರಿನ ಹಾಗೆ ನಿಂತಿವೆ, ಕೆಳಗೆ ಬೇಸರ, ಮೇಲೆ ಖುಷಿ.

ಎಲ್ಲ ಗೆದ್ದೆವು ಅಂತಲ್ಲ. ಆರು ತಿಂಗಳಿಗೆ ಕೇಳಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ ಅಂತ ನಾವೆಲ್ಲ ಹೇಳಿದೆವು. ಆಗಿನ್ನೂ ಫಿಸಿಯೋ ನಡೆಯುತ್ತಿರುತ್ತದೆ, ನೋಡಲು ಜನ ಬರುತ್ತಿರುತ್ತಾರೆ, ನಾಳೆ ಸರಿಹೋಗುತ್ತದೆ ಅನ್ನುವ ನಂಬಿಕೆ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಕುಸಿದಿದ್ದು ಅದೆಲ್ಲ ನಿಂತ ಮೇಲೆ. ಐದು ವರ್ಷದವರೆಗೆ ಕೇಳಿ ಅಂದೆವು. ಹಣ ಇರುವುದು ಮೂರು ವರ್ಷಕ್ಕೆ ಅಂದರು. ಆರನೇ ತಿಂಗಳಲ್ಲಿ ಒಂದು ಸಲ, ಹದಿನೆಂಟನೇ ತಿಂಗಳಲ್ಲಿ ಇನ್ನೊಂದು ಸಲ ಅನ್ನುವಲ್ಲಿಗೆ ಬಂದು ನಿಂತಿತು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಪ್ರತ್ಯೇಕ ಪ್ರಶ್ನೆ ಬೇಕು ಅಂತ ಮಗಳು ಪ್ರತಿ ಸಭೆಯಲ್ಲೂ ಕೇಳಿದಳು. ಆಗಲಿಲ್ಲ. ಅವಳು ಐದನೇ ಸಭೆಯಿಂದ ಬರುವುದನ್ನು ನಿಲ್ಲಿಸಿದಳು. ಅಪ್ಪನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಅಂತ ಹೇಳಿ ಕಳಿಸಿದಳು. ಅದಷ್ಟೇ ಕಾರಣ ಅಂತ ನನಗೆ ಅನಿಸಿಲ್ಲ.

ಅನುದಾನದ ಅರ್ಜಿಯಲ್ಲಿ ನಮ್ಮ ಹೆಸರು ಬಂತು, ಸಹಾಯ ಮಾಡಿದವರು ಅಂತ ಅಲ್ಲ, ಯೋಜನೆ ಮಾಡಿದವರು ಅಂತ. ಹಣ ಮಂಜೂರಾಗಿದೆ. ಸಭೆಯ ವರದಿಯನ್ನು ಈಗ ನಾನೇ ತಿದ್ದುತ್ತೇನೆ. "ಎಲ್ಲರೂ ಒಪ್ಪಿದರು" ಅಂತ ಬರೆಯುವ ಹಾಗಿಲ್ಲ. ಎಷ್ಟು ಹಸಿರು, ಎಷ್ಟು ಕೆಂಪು, ಎಷ್ಟು ಹಳದಿ ಅಂತ ಬರೆಯಬೇಕು.

ಕಳೆದ ಸಭೆಯಲ್ಲಿ ಅಧ್ಯಯನಕ್ಕೆ ಕರೆಯುವ ಕರಪತ್ರದ ಮುಖಪುಟ ತಂದಿದ್ದರು. ಸೂರ್ಯ ಮುಳುಗುತ್ತಿದ್ದಾನೆ, ಬಿಳಿ ಕೂದಲಿನ ತಾತ ಒಬ್ಬರು ಕೋಲು ಹಿಡಿದು ನಗುತ್ತಿದ್ದಾರೆ. ಲಾರಿ ಹುಡುಗ ಹಳದಿ ಕಾರ್ಡು ಎತ್ತಿದ. ಮೇಷ್ಟ್ರು, ತಮ್ಮ ಹಾಗೇ ಕಾಣುತ್ತಾರೆ ಅಂತಲೋ ಏನೋ, ಹಸಿರು. ಅಕ್ಕ ಚಿತ್ರವನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಕಾರ್ಡನ್ನು ತಾತನ ಮುಖದ ಮೇಲೆ ಸರಿಯಾಗಿ ಇಟ್ಟು, ನನ್ನ ಕಡೆ ತಿರುಗಿ, ನಿಧಾನವಾಗಿ ಅಂದರು: "ಬೇ... ಡ."

ಬೇರೆ ಚಿತ್ರ ಹುಡುಕುತ್ತಿದ್ದಾರೆ.